ಕಾಕಾ ಕೊನೆಯ ಎಂಟು ದಿನ ನಂಬಿದರು, ಅಜ್ಜಿ ಎಂಬತ್ತು ವರ್ಷ ನಂಬಿದ್ದಾರೆ. ಇಬ್ಬರಿಗೂ ಒಂದೇ ರಕ್ಷಣೆಯಾ?

ಬೆಟಗೇರಿ ಹುಡುಗಿ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜಗಳ ತೆಗೆಯಬೇಕೆಂದು ಕೇಳುತ್ತಿಲ್ಲ. ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಗದಗ-ಬೆಟಗೇರಿಯ ಹಳೇ ಬಾಸೆಲ್ ಮಿಷನ್ ಮನೆತನ. ಈಗ ಸಿಎಸ್‌ಐ, ಅಂದರೆ ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆ. ಹೋದ ತಿಂಗಳು ನಮ್ಮ ಕಾಕಾ ತೀರಿಕೊಂಡರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ, ಆದರೂ ಇದನ್ನು ಹೇಳದೆ ನನ್ನ ಪ್ರಶ್ನೆ ಅರ್ಥ ಆಗುವುದಿಲ್ಲ. ಮೂವತ್ತು ವರ್ಷ ಕುಡಿದರು. ಅಜ್ಜಿಯ ನಾಲ್ಕು ತೊಲೆ ಬಂಗಾರದ ಪಾಟ್ಲಿ ಅಡವಿಟ್ಟು ಬಿಡಿಸಲೇ ಇಲ್ಲ. ಕಾಕಿ ಹೊಲಿಗೆ ಮೆಷಿನ್ ತುಳಿದು ಇಬ್ಬರು ಮಕ್ಕಳನ್ನು ಓದಿಸಿದರು. ಕೊನೆಗೆ ಯಕೃತ್ತು ಕೆಟ್ಟು ಆಸ್ಪತ್ರೆ ಸೇರಿದಾಗ ಎಂಟು ದಿನ ಅತ್ತರು, ಎಲ್ಲರ ಕೈ ಹಿಡಿದು ಕ್ಷಮೆ ಕೇಳಿದರು. ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದು ಪ್ರಾರ್ಥನೆ ಮಾಡಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟರು.

ಮಣ್ಣಿನ ದಿನ ಅಯ್ಯನವರು, ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಸಾಯುವಾಗ ನಂಬಿದ ಕಳ್ಳನ ಬಗ್ಗೆ ಪ್ರಸಂಗ ಮಾಡಿದರು. "ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ" ಎನ್ನುವ ಮಾತು. ನಮ್ಮ ಸಹೋದರನೂ ಅಲ್ಲೇ ಇದ್ದಾನೆ ಎಂದರು. ಎಲ್ಲರೂ ಆಮೆನ್ ಅಂದರು. ನನ್ನ ಬಾಯಿಂದ ಬರಲಿಲ್ಲ.

ಪಕ್ಕದಲ್ಲೇ ಅಜ್ಜಿ ಕೂತಿದ್ದರು. ಎಂಬತ್ತನಾಲ್ಕು ವಯಸ್ಸು. ಬುದ್ಧಿ ಬಂದಾಗಿನಿಂದ ಒಂದು ಭಾನುವಾರ ತಪ್ಪಿಸಿದವರಲ್ಲ. ಸಭೆಯ ಕಸ ಹೊಡೆದಿದ್ದಾರೆ, ಸುಗ್ಗಿ ಹಬ್ಬದ ಹರಾಜಿಗೆ ಪ್ರತಿ ವರ್ಷ ಉಪ್ಪಿನಕಾಯಿ ಹಾಕಿದ್ದಾರೆ, ಹೆಣ್ಣುಮಕ್ಕಳ ಬಾಣಂತನ ಮಾಡಿದ್ದಾರೆ. ಅವರಿಗೂ ಅದೇ ಪರದೈಸು, ಕಾಕಾಗೂ ಅದೇ ಪರದೈಸು ಅಂದರೆ ಒಳ್ಳೆಯವರಾಗಿ ಬದುಕುವುದು ಯಾಕೆ?

ಬೈಬಲಿನ ಎಫೆಸ 2:8-9 ಸಂಡೇ ಸ್ಕೂಲಿನಿಂದ ಬಾಯಿಪಾಠ. ಕೃಪೆಯಿಂದಲೇ, ನಂಬಿಕೆಯ ಮೂಲಕ, ಪುಣ್ಯಕ್ರಿಯೆಗಳಿಂದಲ್ಲ. ಆ ವಾಕ್ಯದ ಕೆಳಗೆ ಅಜ್ಜಿಯ ಬೈಬಲಿನಲ್ಲಿ ಕೆಂಪು ಪೆನ್ಸಿಲಿನ ಗೆರೆ ಇದೆ. ನಾನು ಅದನ್ನು ಪ್ರಶ್ನೆ ಮಾಡಿದ್ದು ಇದೇ ಮೊದಲು.

ಕರ್ತನ ಕುರಿ · ರಾತ್ರಿ 9:58

ಕರ್ತನಿಗೆ ಸ್ತೋತ್ರ ಸೋದರಿ! ಸಂದೇಹವೇ ಬೇಡ. ರೋಮಾ 10:9 ಓದಿ. ಯೇಸುವೇ ಕರ್ತನೆಂದು ಬಾಯಿಂದ ಅರಿಕೆ ಮಾಡಿ, ದೇವರು ಅವನನ್ನು ಸತ್ತವರೊಳಗಿಂದ ಎಬ್ಬಿಸಿದನೆಂದು ಹೃದಯದಿಂದ ನಂಬಿದರೆ ರಕ್ಷಣೆ. ನಿಮ್ಮ ಕಾಕಾ ಅರಿಕೆ ಮಾಡಿದ್ದಾರೆ. ಮುಗಿಯಿತು. ನೀವು ಮಾತ್ರ ಪೋಲಿಹೋದ ಮಗನ ಕಥೆಯಲ್ಲಿ, ತಮ್ಮ ತಿರುಗಿ ಬಂದದ್ದಕ್ಕೆ ಸಿಟ್ಟಾದ ಹಿರಿ ಮಗನ ಹಾಗೆ ಹೊರಗೆ ನಿಲ್ಲಬೇಡಿ.

ಬೆಟಗೇರಿ ಹುಡುಗಿ · ರಾತ್ರಿ 10:05

ಅಣ್ಣಾ, ಹಿರಿ ಮಗನ ಮಾತು ಬರುತ್ತದೆ ಅಂತ ಗೊತ್ತಿತ್ತು. ಅವನ ತಮ್ಮ ಹಾಳು ಮಾಡಿದ್ದು ತನ್ನ ಪಾಲಿಗೆ ಬಂದ ಆಸ್ತಿ. ನಮ್ಮ ಮನೆಯಲ್ಲಿ ಹಾಳಾಗಿದ್ದು ಅಜ್ಜಿಯ ಪಾಟ್ಲಿ, ಕಾಕಿಯ ಬೆನ್ನು. "ಮುಗಿಯಿತು" ಅಂದರೆ ಯಾರಿಗೆ ಮುಗಿಯಿತು?

ಲೆಕ್ಕಿಗ · ರಾತ್ರಿ 10:31

ನಾನು ಕ್ರೈಸ್ತ ಅಲ್ಲ, ಯಾವ ದೇವಸ್ಥಾನಕ್ಕೂ ಜಾಸ್ತಿ ಹೋಗುವವನೂ ಅಲ್ಲ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಇದು ನನಗೆ ಸಾಲಮನ್ನಾ ಥರ ಕಾಣುತ್ತದೆ. ಪ್ರತಿ ಸಲ ಸರ್ಕಾರ ಮನ್ನಾ ಮಾಡಿದಾಗ ಕೌಂಟರಿನ ಮುಂದೆ ಬಂದು ಕೂಗಾಡುತ್ತಿದ್ದವರು ಯಾರು ಗೊತ್ತಾ? ಸುಸ್ತಿದಾರರಲ್ಲ. ಹೆಂಡತಿಯ ಓಲೆ ಮಾರಿಯಾದರೂ ಕಂತು ಸರಿಯಾಗಿ ಕಟ್ಟಿದವರು. "ಹಾಗಾದ್ರೆ ನಾನೇ ಪೆದ್ದ ಅಲ್ವಾ ಸ್ವಾಮಿ" ಎನ್ನುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ತಂಗಿಯ ಪ್ರಶ್ನೆಯೂ ಅದೇ.

ಇನ್ನೊಂದು ಅನುಮಾನ. ಕಾಕಾ ಸಾಲ ಮಾಡಿದ್ದು ಅಜ್ಜಿಯ ಹತ್ತಿರ. ಮನ್ನಾ ಮಾಡಿದ್ದು ದೇವರು. ಇದು ಯಾವ ಪುಸ್ತಕದ ಲೆಕ್ಕ?

ಬಲ್ಮಠ ವಿದ್ಯಾರ್ಥಿ · ರಾತ್ರಿ 11:47

ಲೆಕ್ಕಿಗ ಸರ್, ನೀವು ಕೇಳಿದ ಪ್ರಶ್ನೆಯನ್ನು ಮತ್ತಾಯ 20ರಲ್ಲಿ ಕೂಲಿಯವರೇ ಕೇಳಿದ್ದಾರೆ. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬಂದವನಿಗೂ ಒಂದು ಪಾವಲಿ, ಸಂಜೆ ಐದಕ್ಕೆ ಬಂದವನಿಗೂ ಒಂದು ಪಾವಲಿ ಕೊಡುತ್ತಾನೆ. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಯೇಸು ಆ ಗೊಣಗಾಟವನ್ನು ಕಥೆಯಿಂದ ತೆಗೆದುಹಾಕಲಿಲ್ಲ ಎನ್ನುವುದು ನನಗೆ ಮುಖ್ಯ. ಕೇಳುವವರಿಗೆ ಸಿಟ್ಟು ಬರಲೇಬೇಕು ಎನ್ನುವ ಹಾಗೆ ಹೇಳಿದ್ದಾನೆ.

ನಾನು ದೇವಶಾಸ್ತ್ರ ಓದುತ್ತಿದ್ದೇನೆ, ಪಂಡಿತ ಅಲ್ಲ. ಆದರೆ ಅಕ್ಕ, ನಿಮ್ಮ ಅಜ್ಜಿ ಗೆರೆ ಎಳೆದ ವಾಕ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು.

ಒಂದು, ಅದು 9ಕ್ಕೆ ಮುಗಿಯುವುದಿಲ್ಲ. 10ನೇ ವಚನ ಇದೆ. ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ನಾವು ಉಂಟುಮಾಡಲ್ಪಟ್ಟವರು, ದೇವರು ಅವನ್ನು ಮೊದಲೇ ಸಿದ್ಧಮಾಡಿದ್ದಾನೆ ಎನ್ನುತ್ತದೆ. ಸಂಡೇ ಸ್ಕೂಲಿನಲ್ಲಿ 8, 9 ಬಾಯಿಪಾಠ ಮಾಡಿಸಿ 10 ಬಿಟ್ಟುಬಿಡುತ್ತಾರೆ. ಅರ್ಧ ಗೊಂದಲ ಅಲ್ಲಿಂದಲೇ ಶುರು. ಒಳ್ಳೇ ಕೆಲಸ ಬೇಡ ಎಂದು ಆ ಪತ್ರದ ಪೌಲ ಎಲ್ಲೂ ಹೇಳಲಿಲ್ಲ. ಅದು ಯಾವ ಜಾಗದಲ್ಲಿ ಕೂರಬೇಕು ಎನ್ನುವುದು ಅವನ ವಾದ. ಬೇರಿನಲ್ಲಲ್ಲ, ಹಣ್ಣಿನಲ್ಲಿ.

ಎರಡನೆಯದು ಆ "ಪುಣ್ಯಕ್ರಿಯೆ" ಎನ್ನುವ ಪದ. ಗ್ರೀಕಿನಲ್ಲಿ ಬರೀ "ಕ್ರಿಯೆಗಳು" ಎಂದಿದೆ. ಪುಣ್ಯ ಸೇರಿಸಿದ್ದು ನಮ್ಮ ಕನ್ನಡ ಅನುವಾದ. ನನಗೆ ಅದು ಬಹಳ ಇಷ್ಟ. ಕನ್ನಡದವನಿಗೆ "ಕ್ರಿಯೆಯಿಂದಲ್ಲ" ಎಂದರೆ ಏನೂ ಅನ್ನಿಸುವುದಿಲ್ಲ. "ಪುಣ್ಯದಿಂದಲ್ಲ" ಎಂದರೆ ಬೆಚ್ಚಿಬೀಳುತ್ತಾನೆ. ಯಾಕೆಂದರೆ ನಾವೆಲ್ಲ, ಯಾವ ಜಾತಿ ಯಾವ ಧರ್ಮವೇ ಇರಲಿ, ಒಳಗೊಳಗೆ ಪುಣ್ಯದ ಖಾತೆ ಇಟ್ಟುಕೊಂಡೇ ಇರುತ್ತೇವೆ.

ಅಂಥ ಖಾತೆ ಇಟ್ಟು ಸುಸ್ತಾದವನು ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಲೂಥರ್. 1505ರಲ್ಲಿ ಎರ್ಫುರ್ಟಿನ ಅಗಸ್ಟೀನಿಯನ್ ಮಠ ಸೇರಿದ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ. ಎಷ್ಟು ಮಾಡಿದರೂ "ಸಾಕಾಯಿತು" ಎನ್ನುವ ಧೈರ್ಯ ಬರಲಿಲ್ಲ. ಕೊನೆಗೆ ರೋಮಾ 1:17ರಲ್ಲಿ, ದೇವರ ನೀತಿ ಎಂದರೆ ದೇವರು ನಮ್ಮನ್ನು ಅಳೆಯುವ ಕೋಲಲ್ಲ, ನಮಗೆ ಕೊಡುವ ವರ ಎಂದು ಅವನಿಗೆ ಹೊಳೆಯಿತು. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಕ್ಷಮಾಪತ್ರ ಮಾರುತ್ತಿದ್ದದ್ದು, 1517ರ 95 ಪ್ರಸ್ತಾಪ, ಇವೆಲ್ಲ ಶಾಲೆಯಲ್ಲೇ ಓದಿದ್ದೀರಿ, ಬಿಡಿ.

ಶಾಲೆಯಲ್ಲಿ ಹೇಳದೇ ಇರುವ ಒಂದು ಸಂಗತಿ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ರೋಮಾ 3:28ರಲ್ಲಿ ಲೂಥರ್ "ಮಾತ್ರ" ಎನ್ನುವ ಪದ ಸೇರಿಸಿದ. ನಂಬಿಕೆಯಿಂದ ಮಾತ್ರ. ಮೂಲದಲ್ಲಿ ಆ ಪದ ಇಲ್ಲ. ಎದುರಾಳಿಗಳು ಹಿಡಿದುಕೊಂಡರು. 1530ರಲ್ಲಿ ಅವನು, ಜರ್ಮನ್ ಮಾತಾಡುವವರು ಹೀಗೇ ಹೇಳುವುದು ಎಂದು ಉತ್ತರ ಕೊಟ್ಟ. ಈಗ ನಿಮ್ಮ ಕನ್ನಡ ಬೈಬಲ್ ತೆಗೆದು ಅದೇ ವಾಕ್ಯ ನೋಡಿ. "ನಂಬಿಕೆಯಿಂದಲೇ" ಎಂದಿದೆ. ಲೂಥರ್ ಒಂದು ಇಡೀ ಪದ ಸೇರಿಸಿ ಬೈಸಿಕೊಂಡ. ನಮಗೆ ಒಂದು "ಏ" ಸಾಕಾಯಿತು, ಯಾರೂ ಗಲಾಟೆ ಮಾಡಲಿಲ್ಲ!

ಹಂಪನಕಟ್ಟೆ · ಸೋಮವಾರ, ಬೆಳಿಗ್ಗೆ 7:15

ಯಾರೂ ಗಲಾಟೆ ಮಾಡಲಿಲ್ಲವೇ? ಹಾಗಾದರೆ ನಾನು ಮಾಡುತ್ತೇನೆ :)

ನಾನು ಮಂಗಳೂರಿನ ಕಥೋಲಿಕ. ಮನೆ ಮಾತು ಕೊಂಕಣಿ, ಪ್ರಾರ್ಥನೆ ಎರಡೂ ಭಾಷೆಯಲ್ಲಿ ಬರುತ್ತದೆ. ತಮ್ಮಾ, "ನಂಬಿಕೆ ಮಾತ್ರ" ಎನ್ನುವ ಜೋಡಿ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಒಂದೇ ಕಡೆ ಬರುತ್ತದೆ. ಯಾಕೋಬನ ಪತ್ರ 2:24. ಅಲ್ಲಿ ಇರುವುದು, ಮನುಷ್ಯನು ನೀತಿವಂತನಾಗುವುದು ಕ್ರಿಯೆಗಳಿಂದ, ನಂಬಿಕೆಯಿಂದ ಮಾತ್ರವೇ ಅಲ್ಲ, ಎಂದು. ಲೂಥರಿಗೆ ಈ ಪತ್ರ ಎಷ್ಟು ಕಷ್ಟವಾಯಿತೆಂದರೆ 1522ರ ಮುನ್ನುಡಿಯಲ್ಲಿ ಅದನ್ನು ಹುಲ್ಲುಕಡ್ಡಿಯ ಪತ್ರ ಎಂದ. ಮುಂದಿನ ಮುದ್ರಣಗಳಲ್ಲಿ ಆ ಮಾತು ಕೈಬಿಟ್ಟ, ಅದು ಬೇರೆ.

ಆದರೆ ನಮ್ಮವರ ಬಗ್ಗೆ ಇರುವ ಒಂದು ತಪ್ಪು ಕಲ್ಪನೆಯನ್ನೂ ಹೇಳಬೇಕು. ಕಥೋಲಿಕರು ಒಳ್ಳೇ ಕೆಲಸ ಮಾಡಿ ಸ್ವರ್ಗ ಕೊಂಡುಕೊಳ್ಳುತ್ತಾರೆ ಎಂದು ಸುಮ್ನೆ ಹೇಳುತ್ತಾರೆ. 1547ರ ಜನವರಿಯಲ್ಲಿ ನಮ್ಮ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಇದೇ ವಿಷಯದ ಮೇಲೆ 33 ನಿಯಮ ಹೊರಡಿಸಿತು. ಮೊದಲನೇ ನಿಯಮವೇ, ದೇವರ ಕೃಪೆ ಇಲ್ಲದೆ ತನ್ನ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಹುದು ಎನ್ನುವವನು ಬಹಿಷ್ಕೃತ, ಎನ್ನುತ್ತದೆ. ಲೂಥರನನ್ನು ಖಂಡಿಸಲು ಕೂತ ಸಭೆಯ ಮೊದಲ ವಾಕ್ಯ ಇದು! ಅವರ ತಕರಾರು ಆಮೇಲಿನದು. ನಂಬಿಕೆ ಒಂದಿದ್ದರೆ ಸಾಕು, ಮನುಷ್ಯ ತನ್ನ ಕಡೆಯಿಂದ ಒಪ್ಪಿ ಸಹಕರಿಸುವುದು ಏನೂ ಬೇಡ ಎನ್ನುವುದನ್ನು ಅವರು ಒಪ್ಪಲಿಲ್ಲ.

ನಮ್ಮಲ್ಲಿ ಪದಗಳೂ ಬೇರೆ. ನೀವು ಕೃಪೆ ಎನ್ನುವುದನ್ನು ನಾವು ಚಿಕ್ಕಂದಿನಿಂದ ವರಪ್ರಸಾದ ಎಂದೇ ಕಲಿತದ್ದು. ಜಪಮಾಲೆಯಲ್ಲಿ ಮಾತೆ ಮರಿಯಮ್ಮನವರನ್ನು ವರಪ್ರಸಾದ ಪೂರ್ಣೆ ಎನ್ನುತ್ತೇವೆ. ಕೃಪೆ ಎಂದರೆ ಮೇಲಿನವನ ಮನಸ್ಸಿನಲ್ಲಿ ಇರುವಂಥದ್ದು. ಪ್ರಸಾದ ಕೈಗೆ ಬರುತ್ತದೆ, ಹೊಟ್ಟೆಗೆ ಹೋಗುತ್ತದೆ, ಮೈಗೆ ಹತ್ತುತ್ತದೆ. ನಿಮ್ಮಲ್ಲಿ ದೇವರು ನ್ಯಾಯಾಧೀಶರ ಹಾಗೆ "ನೀನು ನೀತಿವಂತ" ಎಂದು ನಿರ್ಣಯಿಸುತ್ತಾನೆ. ನಮ್ಮಲ್ಲಿ ವೈದ್ಯರ ಹಾಗೆ ನಿಧಾನಕ್ಕೆ ನೀತಿವಂತನನ್ನಾಗಿ ಮಾಡುತ್ತಾನೆ. ಐನೂರು ವರ್ಷದ ಜಗಳದ ತಿರುಳು ಇಷ್ಟೇ ಎಂದು ನನ್ನ ಅಭಿಪ್ರಾಯ.

ಜಗಳ ಅರ್ಧ ಮುಗಿದೂ ಇದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ವ್ಯಾಟಿಕನ್ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದೇ ಕಾಗದಕ್ಕೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆಮೇಲೆ ಪವಿತ್ರಾತ್ಮ ನಮ್ಮನ್ನು ಒಳ್ಳೇ ಕೆಲಸಕ್ಕೆ ಸಜ್ಜು ಮಾಡುತ್ತಾನೆ, ಇದು ಅದರ ಸಾರ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿಕೊಂಡರು. ಒಪ್ಪದ ಲೂಥರನ್ನರೂ ಇದ್ದಾರೆ.

ಬೆಟಗೇರಿಯ ಮಗಳೇ, ನಿನ್ನ ಪಾಟ್ಲಿಯ ವಿಷಯ. ನಮ್ಮಲ್ಲಿ ಕದ್ದವನು ಪಾಪನಿವೇದನೆಗೆ ಬಂದರೆ ಗುರುಗಳು ಮೊದಲು ಹೇಳುವುದು, ಕೈಲಾದರೆ ಹಿಂದಿರುಗಿಸು ಎಂದು. ಕ್ಷಮೆ ಸಿಕ್ಕಿತು, ಮಾಲು ನನ್ನ ಹತ್ತಿರವೇ ಇರಲಿ ಎನ್ನುವಂತಿಲ್ಲ.

ಕರ್ತನ ಕುರಿ · ಬೆಳಿಗ್ಗೆ 8:02

ಅಂಕಲ್, ವಿಗ್ರಹದ ಮುಂದೆ ಮೇಣದಬತ್ತಿ ಹಚ್ಚುವವರು ನಮಗೆ ರೋಮಾ ಪತ್ರ ಕಲಿಸುವುದು ಬೇಡ. ಮನುಷ್ಯರ ಸಂಪ್ರದಾಯ ನರಕಕ್ಕೆ

[ಉಳಿದ ಭಾಗ ತೆಗೆಯಲಾಗಿದೆ. ಇಲ್ಲಿ ಯಾರೂ ಯಾರನ್ನೂ ನರಕಕ್ಕೆ ಕಳಿಸುವಂತಿಲ್ಲ. ಇದು ಮೊದಲ ಎಚ್ಚರಿಕೆ. – ನಿರ್ವಾಹಕ]

ಹಂಪನಕಟ್ಟೆ · ಬೆಳಿಗ್ಗೆ 8:20

ಪರವಾಗಿಲ್ಲ ನಿರ್ವಾಹಕರೇ. ಮೇಣದಬತ್ತಿ ಹಚ್ಚುವುದು ನಿಜ.

ಪುಳಿಯೋಗರೆ · ಬೆಳಿಗ್ಗೆ 11:10

ಮೇಲುಕೋಟೆ ಕಡೆಯವನು ನಾನು. ಶ್ರೀವೈಷ್ಣವ. ನಿಮ್ಮ ಜಗಳ ಓದುತ್ತಾ ನಗು ಬಂತು, ಕೆಟ್ಟ ನಗು ಅಲ್ಲ. ಇದೇ ಜಗಳವನ್ನು ನಮ್ಮ ತಾತಂದಿರು ಜಗಲಿ ಮೇಲೆ ಕೂತು ಆಡುತ್ತಿದ್ದರು.

ನಮ್ಮಲ್ಲಿ ವಡಗಲೆ, ತೆಂಗಲೆ ಎಂದು ಎರಡು ಪಂಗಡ. ಹೊರಗಿನವರಿಗೆ ಕಾಣುವುದು ನಾಮದ ಆಕಾರ ಮಾತ್ರ. ಒಳಗಿನ ಜಗಳ ಇದೇ. ಭಗವಂತ ಜೀವನನ್ನು ಹೇಗೆ ಕಾಪಾಡುತ್ತಾನೆ? ವಡಗಲೆಯವರು ಕೋತಿಮರಿಯ ಉದಾಹರಣೆ ಕೊಡುತ್ತಾರೆ. ತಾಯಿ ಮರದಿಂದ ಮರಕ್ಕೆ ಹಾರುತ್ತದೆ ನಿಜ, ಆದರೆ ಮರಿ ಅದರ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ತೆಂಗಲೆಯವರದ್ದು ಬೆಕ್ಕಿನ ಮರಿ. ಅದು ಏನೂ ಮಾಡುವುದಿಲ್ಲ. ತಾಯಿಯೇ ಕತ್ತಿನ ಹಿಂದೆ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ. ವಡಗಲೆಯವರಿಗೆ ಗುರುಗಳು ವೇದಾಂತ ದೇಶಿಕರು, ತೆಂಗಲೆಯವರಿಗೆ ಪಿಳ್ಳೈ ಲೋಕಾಚಾರ್ಯರು. ಶ್ರೀರಂಗದ ಮೇಲೆ ದಾಳಿ ಆದಾಗ ದೇಶಿಕರು ನಮ್ಮ ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ ಬಂದು ಇದ್ದರು ಎಂದು ಹಿರಿಯರು ಹೇಳುತ್ತಾರೆ.

ನಿಮ್ಮ ಕುರಿ ಅವರು ಬೆಕ್ಕಿನ ಪಕ್ಷ, ಹಂಪನಕಟ್ಟೆಯವರು ಕೋತಿ ಪಕ್ಷ. ತಪ್ಪು ತಿಳಿಯಬೇಡಿ ಸಾರ್.

ಹಂಪನಕಟ್ಟೆ · ಬೆಳಿಗ್ಗೆ 11:14

ಕೋತಿ ಅನ್ನಿಸಿಕೊಂಡಿದ್ದಕ್ಕೆ ಬೇಜಾರಿಲ್ಲ. ಬಹಳ ಚೆನ್ನಾಗಿದೆ!

ಬಲ್ಮಠ ವಿದ್ಯಾರ್ಥಿ · ಮಧ್ಯಾಹ್ನ 1:30

ಪುಳಿಯೋಗರೆ ಸರ್, ಇದನ್ನು ನಮ್ಮ ತರಗತಿಯಲ್ಲೂ ಹೇಳುತ್ತಾರೆ. ಹೋಲಿಕೆ ನಿಜ. ಒಂದು ವ್ಯತ್ಯಾಸವನ್ನು ಮಾತ್ರ ಮುಚ್ಚಿಡುವುದು ಸರಿಯಲ್ಲ. ಪೌಲನಿಗೆ ಕೃಪೆ ಎಂದರೆ ದೇವರ ಕರುಣೆಯ ಸ್ವಭಾವ ಅಷ್ಟೇ ಅಲ್ಲ. ರೋಮ್ ಸರ್ಕಾರದ ಪೊಂತ್ಯ ಪಿಲಾತನ ಕಾಲದಲ್ಲಿ, ಯೆರೂಸಲೇಮಿನ ಹೊರಗೆ, ಒಬ್ಬ ಮನುಷ್ಯ ಶಿಲುಬೆ ಮೇಲೆ ಸತ್ತದ್ದಕ್ಕೆ ಅದು ಅಂಟಿಕೊಂಡಿದೆ. ಲೆಕ್ಕಿಗ ಸರ್ ಭಾಷೆಯಲ್ಲಿ, ಸಾಲ ರದ್ದಾಗಲಿಲ್ಲ, ಇನ್ನೊಬ್ಬ ತೀರಿಸಿದ. ವಿವರಣೆ ಬೇರೆ ಬೇರೆ ಇರಬಹುದು, ಕೃಪೆ ಆ ಶಿಲುಬೆಗೆ ಅಂಟಿಕೊಂಡಿದೆ ಎನ್ನುವುದರಲ್ಲಿ ಕ್ರೈಸ್ತ ಪಂಗಡಗಳು ಹೆಚ್ಚುಕಡಿಮೆ ಒಂದೇ.

ನಮ್ಮ ಮನೆಯೊಳಗಿನ ಬೆಕ್ಕು-ಕೋತಿ ಜಗಳವೂ ಲೂಥರಿಗಿಂತ ಸಾವಿರ ವರ್ಷ ಹಳೆಯದು. ಪೆಲಾಗಿಯಸ್ ಎಂಬವನು ರೋಮಿಗೆ ಬಂದಾಗ ಕ್ರೈಸ್ತರ ಸಡಿಲ ಬದುಕು ನೋಡಿ ಬೇಸತ್ತ. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದರೆ ಪಾಲಿಸುವ ಶಕ್ತಿಯೂ ನಮಗೆ ಇದೆ, ನೆಪ ಹೇಳಬೇಡಿ ಎಂದ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್, ಇಚ್ಛೆಯೇ ರೋಗಪೀಡಿತ, ಎದ್ದು ನಡೆ ಎಂದರೆ ನಡೆಯುತ್ತದೆಯೇ ಎಂದ. 418ರಲ್ಲಿ ಕಾರ್ಥೇಜ್ ಸಭೆ ಪೆಲಾಗಿಯಸ್ ಬೋಧನೆಯನ್ನು ತಳ್ಳಿಹಾಕಿತು. ಆದರೂ ನನಗೆ ಪೆಲಾಗಿಯಸ್ ಮೇಲೆ ಸ್ವಲ್ಪ ಪ್ರೀತಿ ಇದೆ. ಬೆಟಗೇರಿ ಅಕ್ಕನ ಸಿಟ್ಟು ಅವನ ಸಿಟ್ಟೇ.

ಯಾಕೋಬನ ವಿಷಯಕ್ಕೆ ಬರುತ್ತೇನೆ. ಪೌಲ, ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿ ಕರೆಯುತ್ತಾರೆ. ಅಬ್ರಹಾಮ ನಂಬಿದ, ದೇವರು ಅದನ್ನು ನೀತಿ ಎಂದು ಎಣಿಸಿದ ಎನ್ನುವ ಆದಿಕಾಂಡ 15:6ನ್ನೇ ಇಬ್ಬರೂ ಎತ್ತಿ ಹೇಳುತ್ತಾರೆ. ಪೌಲ ಅಲ್ಲಿಗೇ ನಿಲ್ಲುತ್ತಾನೆ. ಇನ್ನೂ ಸುನ್ನತಿ ಇಲ್ಲ, ಧರ್ಮಶಾಸ್ತ್ರ ಇಲ್ಲ, ಬರೀ ನಂಬಿದ, ನೋಡಿ, ಎನ್ನುತ್ತಾನೆ. ಯಾಕೋಬ ಏಳು ಅಧ್ಯಾಯ ಮುಂದೆ ಹೋಗಿ, ದೇವರ ಮಾತಿಗೆ ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ದ ದಿನವನ್ನು ತೋರಿಸುತ್ತಾನೆ. ಒಬ್ಬ ಬೀಜ ನೆಟ್ಟ ದಿನದ ಫೋಟೋ ಹಿಡಿದಿದ್ದಾನೆ, ಇನ್ನೊಬ್ಬ ಹಣ್ಣು ಬಿಟ್ಟ ದಿನದ್ದು. ದೆವ್ವಗಳೂ ನಂಬಿ ನಡುಗುತ್ತವೆ ಎನ್ನುವಾಗ ಯಾಕೋಬ ನಂಬಿಕೆ ಎಂದು ಕರೆದದ್ದು ಬರೀ "ಹೌದು, ದೇವರಿದ್ದಾನೆ" ಎನ್ನುವುದನ್ನು. ಪೌಲನ ನಂಬಿಕೆ ಎಂದರೆ ಮೈಭಾರ ಪೂರ್ತಿ ಬಿಟ್ಟು ಒರಗುವುದು. ಬಸ್ಸು ಹುಬ್ಬಳ್ಳಿಗೆ ಹೋಗುತ್ತದೆ ಎಂದು ನಂಬುವುದು ಬೇರೆ, ಹತ್ತಿ ಕೂರುವುದು ಬೇರೆ.

ಲೆಕ್ಕಿಗ · ಮಧ್ಯಾಹ್ನ 2:05

ಬಸ್ಸು ಹತ್ತುವುದೂ ಒಂದು ಕ್ರಿಯೆ ಅಲ್ವಾ?

ಬಲ್ಮಠ ವಿದ್ಯಾರ್ಥಿ · ಮಧ್ಯಾಹ್ನ 2:11

ಸಿಕ್ಕಿಹಾಕಿಕೊಂಡೆ. ಉದಾಹರಣೆ ವಾಪಸ್.

ಹಂಪನಕಟ್ಟೆ · ಮಧ್ಯಾಹ್ನ 2:40

ವಾಪಸ್ ತಗೋಬೇಡ ತಮ್ಮಾ, ನಮ್ಮ ಪಕ್ಷಕ್ಕೆ ಅದು ಬೇಕು. ಜಕ್ಕಾಯನನ್ನೂ ಕೂರಿಸಿಕೋ. ಲೂಕ 19. ಸುಂಕದವರ ಮುಖ್ಯಸ್ಥ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎನ್ನುತ್ತಾನೆ. ಆಮೇಲೆ ಯೇಸು, ಈ ಹೊತ್ತು ಈ ಮನೆಗೆ ರಕ್ಷಣೆ ಆಯಿತು ಎನ್ನುತ್ತಾನೆ. ಕ್ರಮ ನೋಡಿ. ಮೊದಲು ನಾಲ್ಕರಷ್ಟು, ಆಮೇಲೆ ರಕ್ಷಣೆ.

ಬಲ್ಮಠ ವಿದ್ಯಾರ್ಥಿ · ಮಧ್ಯಾಹ್ನ 3:25

ಸರ್, ಇನ್ನೂ ಮೂರು ವಚನ ಹಿಂದೆ ಹೋಗಿ. ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯ ಇನ್ನೂ ಅದರ ಮೇಲಿದ್ದಾನೆ. ಒಂದು ಕಾಸೂ ಕೊಟ್ಟಿಲ್ಲ. ಆಗಲೇ ಯೇಸು ಹೆಸರು ಹಿಡಿದು ಕರೆದು, ತಟ್ಟನೆ ಇಳಿದು ಬಾ, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ. ಜನ ಗೊಣಗಿದ್ದೂ ಆಗಲೇ. ಮೊದಲು ಊಟಕ್ಕೆ ಬಂದ, ಆಮೇಲೆ ಇವನ ಪೆಟ್ಟಿಗೆ ತೆರೆಯಿತು. ನಾಲ್ಕರಷ್ಟು ಕೊಡು, ಆಮೇಲೆ ಬರುತ್ತೇನೆ ಎಂದಿದ್ದರೆ ಅವನು ಇವತ್ತಿಗೂ ಆ ಮರದ ಮೇಲೇ ಇರುತ್ತಿದ್ದ.

ಬೆಟಗೇರಿ ಹುಡುಗಿ · ಸಂಜೆ 6:50

ಎಲ್ಲವನ್ನೂ ಕೂತು ಓದಿದೆ. ಬಹಳ ಕಲಿತೆ, ನಿಜ. ಆದರೆ ಜಕ್ಕಾಯನಿಗೆ ಪೆಟ್ಟಿಗೆ ಇತ್ತು. ಕಾಕಾ ಹತ್ತಿರ ಕೊನೆಗೆ ಇದ್ದದ್ದು ಒಂದು ಟವೆಲ್, ಒಂದು ಕನ್ನಡಕ. ಕಳ್ಳನ ಹತ್ತಿರವೂ ಏನೂ ಇರಲಿಲ್ಲ ಅನ್ನುತ್ತೀರಿ, ಸರಿ. ಕಳ್ಳನ ಹೆಂಡತಿ ಮಕ್ಕಳ ಬಗ್ಗೆ ಯಾವ ಸುವಾರ್ತೆಯೂ ಬರೆದಿಲ್ಲ. ಅವನು ಪರದೈಸಿಗೆ ಹೋದ. ಅವನು ಯಾರ ಮನೆ ದೋಚಿದ್ದನೋ ಅವರು ಆ ರಾತ್ರಿ ಏನು ಉಂಡರು?

ಇನ್ನೊಂದು. ಅಜ್ಜಿಯ ಬಗ್ಗೆ ಕೇಳಿದೆ ಅಂದುಕೊಂಡಿದ್ದೆ. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ನನ್ನ ಹೊಟ್ಟೆಕಿಚ್ಚು ಅಜ್ಜಿಯ ಪರವಾಗಿ ಅಲ್ಲ, ಕಾಕಿಯ ಪರವಾಗಿ. ಅಜ್ಜಿಗೆ ಅವರು ಮಗ. ಮಗ ಪರದೈಸಿನಲ್ಲಿದ್ದಾನೆ ಅಂದರೆ ತಾಯಿಗೆ ಸಂತೋಷವೇ. ಕಾಕಿ ಮಣ್ಣಿನ ದಿನ ಆಮೆನ್ ಅಂದರೋ ಇಲ್ಲವೋ ನಾನು ನೋಡಲೇ ಇಲ್ಲ.

ಹಳೇ ನರ್ಸ್ · ರಾತ್ರಿ 8:15

ಮಗಳೇ, ನಾನು ಮಿಷನ್ ಆಸ್ಪತ್ರೆಯೊಂದರಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವಳು. ದೇವಶಾಸ್ತ್ರ ಓದಿಲ್ಲ. ಹಾಸಿಗೆ ಪಕ್ಕ ನಿಂತಿದ್ದೇನೆ.

ಕೊನೆಗಾಲದಲ್ಲಿ ಅತ್ತವರನ್ನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಕೆಲವರು ಬದುಕಿಬಿಡುತ್ತಾರೆ. ಡಿಸ್ಚಾರ್ಜ್ ಆದ ಸಂಜೆಯೇ ಅಂಗಡಿ ಮುಂದೆ ನಿಂತವರನ್ನೂ ನೋಡಿದ್ದೇನೆ. ಒಬ್ಬಾತ ಮಾತ್ರ ಹದಿನಾಲ್ಕು ವರ್ಷ ಬಾಯಿಗೆ ಮುಟ್ಟಿಸಲಿಲ್ಲ. ಅಳುವಾಗ ಇಬ್ಬರ ಅಳುವೂ ಒಂದೇ ಥರ ಇತ್ತು. ಯಾವುದು ನಿಜ ಎಂದು ನನಗಂತೂ ಹೇಳಲು ಆಗಲಿಲ್ಲ. ನಿಮ್ಮ ಅಯ್ಯನವರಿಗೂ ಆಗುವುದಿಲ್ಲ. ಅವರು ಅಷ್ಟು ಖಡಾಖಂಡಿತವಾಗಿ ಹೇಳಿದ್ದು ನನಗೂ ಸರಿ ಕಾಣಲಿಲ್ಲ. ದೇವರ ಕೈಗೆ ಒಪ್ಪಿಸಿದ್ದೇವೆ ಎಂದಿದ್ದರೆ ಸಾಕಿತ್ತು.

ಒಂದು ಮಾತು ಮಾತ್ರ ಗೊತ್ತು. ಕೃಪೆ ಎಂದು ಸಾರಿದ ನಮ್ಮ ಹಳೇ ಮಿಷನ್ನಿನವರು ಕ್ಷಮೆ ಎಂದು ಸುಮ್ಮನೆ ಬಿಡುವವರಾಗಿರಲಿಲ್ಲ. ಕುಡಿದವನನ್ನು ಹಿರಿಯರು ಕರೆಸಿ ವಿಚಾರಿಸುತ್ತಿದ್ದರು, ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ನನ್ನ ತಾತನಿಗೇ ಆಗಿದೆ. ಅದು ಅತಿಯಾಯಿತು ಎನ್ನುವವರಿದ್ದಾರೆ, ಇರಬಹುದು. ಆದರೆ ಆಗ ಹೆಂಡತಿ ಬಂದು ದೂರು ಹೇಳಲು ಒಂದು ಜಾಗ ಇತ್ತು. ನಿನ್ನ ಕಾಕಿ ಮೂವತ್ತು ವರ್ಷ ಯಾರ ಹತ್ತಿರ ಹೇಳಿಕೊಂಡಳು? ಸಭೆ ಕಾಕಾನ ಕೊನೆಯ ಎಂಟು ದಿನಕ್ಕೆ ಬಂತು, ಸಂತೋಷ. ಮೊದಲು ಬಂದಿತ್ತಾ?

ಕರ್ತನ ಕುರಿ · ರಾತ್ರಿ 9:30

ಬೆಳಿಗ್ಗೆ ಬರೆದದ್ದಕ್ಕೆ ಹಂಪನಕಟ್ಟೆ ಅಂಕಲ್ ಹತ್ತಿರ ಕ್ಷಮೆ ಕೇಳುತ್ತೇನೆ. ನಾನೂ ಕುಡಿಯುತ್ತಿದ್ದವನೇ. ಆರು ವರ್ಷ ಆಯಿತು ಬಿಟ್ಟು. ಕಾಕಾ ರಕ್ಷಣೆ ಹೊಂದಲಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಅದು ನನ್ನ ಬಗ್ಗೆಯೂ ಹೇಳಿದ ಹಾಗೆ.

ಸೋದರಿ, ನಾನು ಬಿಟ್ಟ ಮೇಲೆ ತಂಗಿ ಮದುವೆ ಸಾಲ ನಾಲ್ಕು ವರ್ಷದಲ್ಲಿ ತೀರಿಸಿದೆ. ಯಾರೂ ತೀರಿಸು ಎನ್ನಲಿಲ್ಲ. ಆದರೆ ತೀರಿಸಿದ್ದಕ್ಕೆ ದೇವರು ನನ್ನನ್ನು ಇಟ್ಟುಕೊಂಡ ಎಂದು ನಾನು ಸಾಯುವ ತನಕ ಹೇಳುವುದಿಲ್ಲ. ತೀರಿಸುವ ಮೊದಲೇ, ಬಸ್ ಸ್ಟ್ಯಾಂಡಿನಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದ ರಾತ್ರಿಯೇ ಇಟ್ಟುಕೊಂಡ.

ಹಂಪನಕಟ್ಟೆ · ರಾತ್ರಿ 9:41

ಕ್ಷಮೆ ಯಾಕೆ ಮಗಾ. ಇದನ್ನು ಓದಿದ ಮೇಲೆ ನನ್ನ ಟ್ರೆಂಟ್ ಮಹಾಸಭೆಯನ್ನು ಸ್ವಲ್ಪ ಹೊತ್ತು ಬದಿಗೆ ಇಡುತ್ತೇನೆ.

ಲೆಕ್ಕಿಗ · ರಾತ್ರಿ 10:20

ನನಗೆ ಇನ್ನೂ ಲೆಕ್ಕ ಸರಿಹೋಗಲಿಲ್ಲ. ಆದರೆ ಮನ್ನಾ ಆದ ಮೇಲೆ ತಾನಾಗಿ ಬಂದು ಕಟ್ಟಿದ ಸುಸ್ತಿದಾರನನ್ನು ನನ್ನ ಸೇವೆಯಲ್ಲಿ ಒಬ್ಬನನ್ನೂ ನೋಡಲಿಲ್ಲ. ಈ ಕುರಿ ಅವರನ್ನು ಯಾವ ಕಾಲಂನಲ್ಲಿ ಬರೆಯಲಿ?

ಬೆಟಗೇರಿ ಹುಡುಗಿ · ಗುರುವಾರ, ರಾತ್ರಿ 8:30

ಮೂರು ದಿನ ಬರೆಯಲಿಲ್ಲ, ಊರಿಗೆ ಹೋಗಿದ್ದೆ.

ಕಾಕಿ ಹತ್ತಿರ ಮಾತಾಡಿದೆ. ಆಮೆನ್ ಅಂದಿರಾ ಅಂತ ಕೇಳಿದೆ. ಅಂದೆ ಅಂದರು. ಯಾಕೆ ಅಂದರೆ, "ಇಲ್ಲೇ ಸಾಕಾಗಿತ್ತವ್ವಾ, ಅಲ್ಲರ ಚಂದಾಗಿ ಇರ್ಲಿ" ಅಂದು ಹೊಲಿಗೆಗೆ ತಲೆ ಬಗ್ಗಿಸಿದರು. ಸಿಟ್ಟಿನಿಂದ ಹೇಳಿದರೋ ಪ್ರೀತಿಯಿಂದಲೋ ತಿಳಿಯಲಿಲ್ಲ. ಎರಡೂ ಇತ್ತು ಅನ್ನಿಸುತ್ತದೆ. ನರ್ಸಮ್ಮ ಕೇಳಿದ ಪ್ರಶ್ನೆಯನ್ನು ಸಭೆಯ ಹಿರಿಯರೊಬ್ಬರ ಮುಂದೆ ಇಟ್ಟೆ. ಅವರು ಉತ್ತರ ಕೊಡಲಿಲ್ಲ. ಆದರೆ ನಿನ್ನೆ ಅವರ ಹೆಂಡತಿ ಕಾಕಿಯ ಮನೆಗೆ ಬಂದು ಒಂದು ತಾಸು ಕೂತು ಹೋದರು. ಹೊಲಿಯಲು ಏನೂ ತಂದಿರಲಿಲ್ಲ.

ಅಜ್ಜಿಗೆ ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಲೂಥರ್ ಬಂದಾಗ ತೂಕಡಿಸಿದರು. ಟ್ರೆಂಟ್ ಬಂದಾಗ ಪೂರ್ತಿ ನಿದ್ದೆ. ಬೆಕ್ಕು, ಕೋತಿ ಬಂದಾಗ ಎದ್ದು ಕೂತರು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಎತ್ತಿಕೊಂಡು ಹೋಗುತ್ತದೆ ಎಂದು ಓದಿದಾಗ ಅಜ್ಜಿ ಅಂದ ಮಾತು ಹಾಗೇ ಬರೆಯುತ್ತೇನೆ:

"ಏನೂ ಮಾಡಂಗಿಲ್ಲಂತ ಯಾವಾಂವ ಹೇಳಿದ್ದು? ಬಾಯಾಗ ಹಿಡದ ಮ್ಯಾಲ ಸುಮ್ಮನಾಗತೈತಿ. ಹಿಡಿಯೂ ತನಕಾ ಓಣಿ ತುಂಬ ಕೇಳೂಹಂಗ ಒದರತೈತಿ."

ಪುಳಿಯೋಗರೆ · ರಾತ್ರಿ 8:44

ಏಳು ನೂರು ವರ್ಷದ ವಾದದಲ್ಲಿ ನಮ್ಮವರಲ್ಲಿ ಯಾರೂ ಬೆಕ್ಕು ಸಾಕಿರಲಿಲ್ಲ ಅನ್ನಿಸುತ್ತದೆ. ಅಜ್ಜಿಗೆ ಅಡ್ಡಬಿದ್ದೆ ಎಂದು ಹೇಳಮ್ಮ.

ಬಲ್ಮಠ ವಿದ್ಯಾರ್ಥಿ · ರಾತ್ರಿ 8:52

ಅಕ್ಕ, ಈ ಮಾತನ್ನು ನನ್ನ ಪ್ರಬಂಧದಲ್ಲಿ ಹಾಕಿಕೊಳ್ಳಬಹುದಾ? ಅಜ್ಜಿಯ ಹೆಸರು ಹಾಕುವುದಿಲ್ಲ.

ಬೆಟಗೇರಿ ಹುಡುಗಿ · ರಾತ್ರಿ 9:03

ಹಾಕಿಕೋ ತಮ್ಮಾ. ಅಂದ ಹಾಗೆ ನಮ್ಮ ಮನೆ ಬೆಕ್ಕು ಮತ್ತೆ ಮರಿ ಹಾಕಿದೆ. ನಾಲ್ಕು. ಗದಗ, ಹುಬ್ಬಳ್ಳಿ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ.

ಲೆಕ್ಕಿಗ · ರಾತ್ರಿ 9:10

ಎಷ್ಟಕ್ಕೆ?

ಬೆಟಗೇರಿ ಹುಡುಗಿ · ರಾತ್ರಿ 9:11

ಸುಮ್ನೆ ಕೊಡ್ತೀವಿ ಸರ್.